ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ

2021ರ ನವೆಂಬರ್ 1ರ ಸೋಮವಾರ ಕೇರಳದ ಶಾಲೆಗಳ ಬಾಗಿಲು ಮತ್ತೆ ತೆರೆಯಿತು. ಒಂದರಿಂದ ಏಳರವರೆಗಿನ ತರಗತಿಗಳೂ ಹತ್ತು ಮತ್ತು ಹನ್ನೆರಡನೆಯ ತರಗತಿಗಳೂ ಅಂದೇ ಆರಂಭವಾದವು. ಉಳಿದ ತರಗತಿಗಳ ಸರದಿ ಅದೇ ತಿಂಗಳಲ್ಲಿ ಬಂತು. 2020ರ ಮಾರ್ಚ್ ತಿಂಗಳಲ್ಲಿ ಮುಚ್ಚಿದ ಶಾಲೆಗಳು ಹೀಗೆ ಸುಮಾರು ಇಪ್ಪತ್ತು ತಿಂಗಳ ಬಳಿಕ ಚಿಕ್ಕ ಮಕ್ಕಳ ಮುಖ ಕಂಡವು.

ಆ ಸಲದ ಪ್ರವೇಶಕ್ಕೆ ಒಂದು ವಿಶೇಷವಿತ್ತು. ಮಗುವನ್ನು ಶಾಲೆಗೆ ಕಳುಹಿಸಲು ತಮಗೆ ಒಪ್ಪಿಗೆಯಿದೆಯೆಂದು ಹೆತ್ತವರು ಬರೆದುಕೊಡಬೇಕಿತ್ತು. ಹಾಜರಾತಿ ಕಡ್ಡಾಯವಾಗಿರಲಿಲ್ಲ. ಆನ್‌ಲೈನ್ ಪಾಠಗಳೂ ಮುಂದುವರಿದವು. ಅಂದರೆ ಸರಕಾರವು ಬಾಗಿಲು ತೆರೆದಿತ್ತು, ಆದರೆ ಹೊಸ್ತಿಲು ದಾಟಿಸುವ ತೀರ್ಮಾನವನ್ನು ತಂದೆತಾಯಿಯರ ಕೈಯಲ್ಲಿಟ್ಟಿತ್ತು. ಕಾಸರಗೋಡು ಮತ್ತು ಮಂಜೇಶ್ವರದ ಕನ್ನಡ ಮನೆಗಳಲ್ಲಿ ಅದರ ಹಿಂದಿನ ವಾರ ನಡೆದ ಮಾತುಕತೆಗಳಲ್ಲಿ ಬಹುಪಾಲು ಆ ಒಂದು ಸಹಿಯ ಕುರಿತಾಗಿದ್ದವು. ಕಳುಹಿಸಿದರೆ ರೋಗದ ಭಯ, ಕಳುಹಿಸದಿದ್ದರೆ ವಿದ್ಯೆಯ ನಷ್ಟ. ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗುವ ಮೊದಲು ಎರಡರ ನಿಜವಾದ ಭಾರವೆಷ್ಟು ಎಂಬುದನ್ನು ತಿಳಿದುಕೊಳ್ಳುವುದು ಅಗತ್ಯವಾಗಿತ್ತು.

ಇಪ್ಪತ್ತು ತಿಂಗಳ ಹಾದಿ

2020ರ ಜನವರಿ 30ರಂದು ತೃಶೂರಿನಲ್ಲಿ ದೇಶದ ಮೊದಲ ಕೋವಿಡ್ ಪ್ರಕರಣ ಪತ್ತೆಯಾಯಿತು. ಕೆಲವೇ ದಿನಗಳಲ್ಲಿ ದೇಶದ ಮೂರನೆಯ ಪ್ರಕರಣ ನಮ್ಮ ಜಿಲ್ಲೆಯಲ್ಲೇ ದೃಢಪಟ್ಟಿತು. ಮಾರ್ಚ್ ಎರಡನೆಯ ವಾರದಲ್ಲಿ ಕೆಳ ತರಗತಿಗಳು ನಿಂತವು. ಎಸ್ಸೆಸ್ಸೆಲ್ಸಿ ಪರೀಕ್ಷೆಯು ನಡುವಿನಲ್ಲಿ ಸ್ಥಗಿತಗೊಂಡು ಮೇ ಕೊನೆಯಲ್ಲಿ ಮುಗಿಯಿತು. ಜೂನ್ 1ರಂದು ಕೈಟ್ ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ಪಾಠಗಳು ಆರಂಭವಾದವು. 2021ರ ಜನವರಿ 1ರಿಂದ ಹತ್ತು ಮತ್ತು ಹನ್ನೆರಡನೆಯ ತರಗತಿಯವರು ಹೆತ್ತವರ ಒಪ್ಪಿಗೆಯೊಂದಿಗೆ ಶಾಲೆಗೆ ಬಂದು ಸಂಶಯ ಪರಿಹರಿಸಿಕೊಂಡರು. ಆ ವರ್ಷದ ಎಸ್ಸೆಸ್ಸೆಲ್ಸಿ ಪರೀಕ್ಷೆ ಏಪ್ರಿಲಿನಲ್ಲಿ ನಡೆಯಿತು. ಅಷ್ಟರಲ್ಲಿ ಎರಡನೆಯ ಅಲೆ ಬಂತು. ಜೂನ್ ತಿಂಗಳ ಪ್ರವೇಶೋತ್ಸವ ಮತ್ತೊಮ್ಮೆ ಮೊಬೈಲಿನ ಪರದೆಯಲ್ಲೇ ನಡೆದುಹೋಯಿತು.

ಇದರ ಫಲವಾಗಿ ಆಗ ಎರಡನೆಯ ತರಗತಿಯಲ್ಲಿದ್ದ ಮಗುವು ಒಂದನೆಯ ತರಗತಿಯ ಬೆಂಚಿನಲ್ಲಿ ಒಂದು ದಿನವೂ ಕುಳಿತಿರಲಿಲ್ಲ. ಒಂದನೆಯ ತರಗತಿಯ ಮಗುವಿಗೂ ಶಾಲೆಯೆಂದರೆ ಅಮ್ಮನ ಮೊಬೈಲಿನಲ್ಲಿ ಕೇಳಿಸುವ ಒಂದು ಧ್ವನಿಯಾಗಿತ್ತು. ಆ ಸೋಮವಾರ ಎರಡು ವರ್ಷಗಳ ಹೊಸ ಮಕ್ಕಳು ಒಟ್ಟಿಗೆ ಶಾಲೆಯಂಗಳಕ್ಕೆ ಮೊದಲ ಹೆಜ್ಜೆ ಇಟ್ಟರು. ಮೂರನೆಯ ತರಗತಿಯವರ ಸ್ಥಿತಿಯೂ ಹೆಚ್ಚು ಭಿನ್ನವಾಗಿರಲಿಲ್ಲ. ಅಕ್ಷರ ಕೂಡಿಸಿ ಓದಲು ಕಲಿಯುತ್ತಿದ್ದ ಹೊತ್ತಿನಲ್ಲೇ ಅವರ ಶಾಲೆ ನಿಂತಿತು.

ನವೆಂಬರ್ 1 ಗಡಿನಾಡಿನ ಕನ್ನಡಿಗರಿಗೆ ಸಾಮಾನ್ಯ ದಿನವಲ್ಲ. 1956ರ ಅದೇ ದಿನ ಕಾಸರಗೋಡು ಕೇರಳದ ಭಾಗವಾಯಿತು. ಅಂದಿನಿಂದ ಇಂದಿನವರೆಗೆ ಇಲ್ಲಿ ಕನ್ನಡ ಉಳಿದಿರುವುದು ಮುಖ್ಯವಾಗಿ ಶಾಲೆಗಳಲ್ಲಿ. ಆ ಶಾಲೆಗಳು ತೆರೆದ ದಿನವೂ ಅದೇ ಆಗಿದ್ದುದು ಕಾಕತಾಳೀಯವಿರಬಹುದು. ಆದರೂ ಹೆತ್ತವರ ತೀರ್ಮಾನಕ್ಕೆ ಅದು ಒಂದು ಹೆಚ್ಚಿನ ಅರ್ಥವನ್ನು ಕೊಟ್ಟಿತು.

ಮನೆಯ ಮಾತು, ಶಾಲೆಯ ಮಾತು

ಶಾಲೆ ಮುಚ್ಚಿದ್ದರಿಂದ ಎಲ್ಲ ಮಕ್ಕಳಿಗೂ ನಷ್ಟವಾಯಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು 2021ರ ಆರಂಭದಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 44 ಜಿಲ್ಲೆಗಳಲ್ಲಿ, 16,067 ಮಕ್ಕಳನ್ನು ಕುರಿತು ಅಧ್ಯಯನ ನಡೆಸಿತು. ಎರಡರಿಂದ ಆರನೆಯ ತರಗತಿಯವರೆಗಿನ ಈ ಮಕ್ಕಳಲ್ಲಿ ಶೇ. 92 ಮಂದಿ ಹಿಂದಿನ ವರ್ಷ ತಮಗಿದ್ದ ಭಾಷಾಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದರು. ಚಿತ್ರವೊಂದನ್ನು ನೋಡಿ ಬಾಯಿಮಾತಿನಲ್ಲಿ ವಿವರಿಸುವುದು, ಪರಿಚಿತ ಪದಗಳನ್ನು ಓದುವುದು, ಅರ್ಥಮಾಡಿಕೊಂಡು ಓದುವುದು, ಸರಳ ವಾಕ್ಯ ಬರೆಯುವುದು ಇವೇ ಆ ಸಾಮರ್ಥ್ಯಗಳು. ಗಣಿತದಲ್ಲಿ ಇಂಥ ನಷ್ಟಕ್ಕೆ ಒಳಗಾದವರು ಶೇ. 82. ಗಮನಿಸಬೇಕಾದುದು ಏನೆಂದರೆ, ಇದು ಹೊಸದನ್ನು ಕಲಿಯದಿದ್ದ ಲೆಕ್ಕವಲ್ಲ, ಕಲಿತದ್ದನ್ನೇ ಮರೆತ ಲೆಕ್ಕ.

ಗಡಿನಾಡಿನಲ್ಲಿ ಈ ನಷ್ಟಕ್ಕೆ ಇನ್ನೊಂದು ಪದರವಿದೆ. ಇಲ್ಲಿನ ಕನ್ನಡ ಮಾಧ್ಯಮದ ಮಗುವಿನ ಮನೆಮಾತು ಅನೇಕ ವೇಳೆ ತುಳು, ಕೊಂಕಣಿ, ಮರಾಟಿ, ಬ್ಯಾರಿ ಅಥವಾ ಮಲಯಾಳ. ಹವ್ಯಕ ಕನ್ನಡದ ಮನೆಯಲ್ಲೂ ಆಡುವ ಮಾತಿಗೂ ಪುಸ್ತಕದ ಕನ್ನಡಕ್ಕೂ ಸಾಕಷ್ಟು ದೂರ. ಪೇಟೆಯಲ್ಲಿ, ಕಚೇರಿಯಲ್ಲಿ, ಬಸ್ಸಿನ ಫಲಕದಲ್ಲಿ ಮಗು ಕಾಣುವುದು ಹೆಚ್ಚಾಗಿ ಮಲಯಾಳ. ಪುಸ್ತಕದ ಕನ್ನಡವನ್ನು ಮಗು ಕಿವಿಯಾರೆ ಕೇಳುವ, ಬಾಯಿತುಂಬ ಆಡುವ ಸ್ಥಳವೆಂದರೆ ಶಾಲೆಯೊಂದೇ. ತಿರುವನಂತಪುರದ ಮಗುವಿಗೆ ಶಾಲೆ ಮುಚ್ಚಿದರೂ ಮನೆಯಲ್ಲಿ, ಟಿ.ವಿ.ಯಲ್ಲಿ, ಬೀದಿಯಲ್ಲಿ ಪಾಠದ ಭಾಷೆ ಸಿಗುತ್ತಲೇ ಇರುತ್ತದೆ. ಎಣ್ಮಕಜೆಯ ಅಥವಾ ಪೈವಳಿಕೆಯ ತುಳು ಮನೆಯ ಮಗುವಿಗೆ ಶಾಲೆಯೊಂದಿಗೆ ಪಾಠದ ಭಾಷೆಯೂ ಮುಚ್ಚಿಹೋಗುತ್ತದೆ.

ದೂರಪಾಠದಲ್ಲೂ ಈ ಅಂತರ ಉಳಿಯಿತು. ವಾಹಿನಿಯ ಪ್ರಸಾರದಲ್ಲಿ ಮಲಯಾಳ ಮಾಧ್ಯಮಕ್ಕೆ ಪ್ರಧಾನ ಸ್ಥಾನವಿತ್ತು. ಕನ್ನಡ ಮಾಧ್ಯಮದ ಪಾಠಗಳನ್ನು ನಮ್ಮ ಅಧ್ಯಾಪಕರೇ ಶ್ರಮಪಟ್ಟು ಸಿದ್ಧಪಡಿಸಿದರು. ಅವು ಮಕ್ಕಳನ್ನು ತಲುಪಿದುದು ಮುಖ್ಯವಾಗಿ ಯೂಟ್ಯೂಬ್ ಮತ್ತು ವಾಟ್ಸಾಪ್ ಮೂಲಕ. ಟಿ.ವಿ. ಇದ್ದು ಒಳ್ಳೆಯ ಮೊಬೈಲು ಇಲ್ಲದ ಮನೆಯಲ್ಲಿ ಮಲಯಾಳದ ಪಾಠ ಸುಲಭವಾಗಿ ಸಿಕ್ಕಿತು, ಕನ್ನಡದ ಪಾಠ ಸಿಗಲಿಲ್ಲ. ಒಂದೇ ಮೊಬೈಲಿಗೆ ಮೂವರು ಮಕ್ಕಳು, ಅದೂ ತಂದೆ ಕೆಲಸದಿಂದ ಬಂದ ಮೇಲೆ ಎಂಬ ಸ್ಥಿತಿ ನಮ್ಮ ಹಳ್ಳಿಗಳಲ್ಲಿ ಅಪರೂಪವಾಗಿರಲಿಲ್ಲ. ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದ ಮಕ್ಕಳ ಕತೆಯನ್ನು ಇಲ್ಲಿ ಹೊಸದಾಗಿ ಹೇಳಬೇಕಿಲ್ಲ.

ಅಂಕಗಳನ್ನು ನೋಡಿ ಸಮಾಧಾನಪಡುವಂತೆಯೂ ಇರಲಿಲ್ಲ. 2021ರ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 99.47. ಆದರೆ ಅದು ಆಯ್ದ ಪಾಠಭಾಗಗಳಿಗೆ ಒತ್ತು ಕೊಟ್ಟು, ಉತ್ತರಿಸಲು ಹೆಚ್ಚಿನ ಆಯ್ಕೆಯಿಟ್ಟು ನಡೆಸಿದ ಪರೀಕ್ಷೆ. ಕಷ್ಟಕಾಲದಲ್ಲಿ ಮಕ್ಕಳ ಕೈಹಿಡಿದ ಆ ಕ್ರಮ ಸರಿಯಾದುದೇ. ಆದರೆ ನಮ್ಮ ಮಗು ಒಂದು ಪುಟ ಕನ್ನಡವನ್ನು ತಡವರಿಸದೆ ಓದಬಲ್ಲದೇ ಎಂಬ ಪ್ರಶ್ನೆಗೆ ಆ ಅಂಕಿಯಲ್ಲಿ ಉತ್ತರವಿಲ್ಲ. ಉತ್ತರ ಬೇಕಾದ ಹೆತ್ತವರು ಇಂದು ಸಂಜೆ ಮಗುವಿನ ಕೈಗೆ ಹಿಂದಿನ ತರಗತಿಯ ಪಾಠಪುಸ್ತಕವನ್ನು ಕೊಟ್ಟು ಗಟ್ಟಿಯಾಗಿ ಓದಿಸಿ ನೋಡಲಿ.

ಭಯಕ್ಕೆ ಕಾರಣವಿತ್ತು

ಇಷ್ಟು ಹೇಳಿದ ಮಾತ್ರಕ್ಕೆ ಮಗುವನ್ನು ಕಳುಹಿಸಲು ಹಿಂಜರಿದವರು ಅಜ್ಞಾನಿಗಳೆಂದು ಯಾರೂ ಭಾವಿಸಬಾರದು. ಅವರ ಭಯಕ್ಕೆ ಗಟ್ಟಿಯಾದ ಕಾರಣಗಳಿದ್ದವು.

ಮೊದಲನೆಯದು, ರೋಗ ನಮ್ಮನ್ನು ಬಿಟ್ಟುಹೋಗಿರಲಿಲ್ಲ. 2021ರ ಅಕ್ಟೋಬರಿನಲ್ಲಿ ದೇಶದಲ್ಲಿ ದಿನನಿತ್ಯ ವರದಿಯಾಗುತ್ತಿದ್ದ ಪ್ರಕರಣಗಳಲ್ಲಿ ಅರ್ಧದಷ್ಟು ಕೇರಳದವಾಗಿದ್ದವು. ರಾಜ್ಯ ಸರಕಾರವು ನಡೆಸಿದ ರಕ್ತಪರೀಕ್ಷಾ ಸಮೀಕ್ಷೆಯ ಫಲಿತಾಂಶ ಅದೇ ತಿಂಗಳು ಹೊರಬಂತು. ಹದಿನೆಂಟು ದಾಟಿದವರಲ್ಲಿ ಶೇ. 82.61 ಮಂದಿಯ ರಕ್ತದಲ್ಲಿ ಪ್ರತಿಕಾಯಗಳು ಕಂಡುಬಂದವು. ಸೋಂಕಿನಿಂದಲೋ ಲಸಿಕೆಯಿಂದಲೋ ಅವರಿಗೆ ಒಂದಷ್ಟು ರಕ್ಷಣೆ ದೊರೆತಿತ್ತು ಎಂದು ಇದರ ಅರ್ಥ. ಆದರೆ ಐದರಿಂದ ಹದಿನೇಳು ವರ್ಷದ ಮಕ್ಕಳಲ್ಲಿ ಈ ಪ್ರಮಾಣ ಶೇ. 40.02 ಮಾತ್ರವಿತ್ತು. ಹತ್ತು ಮಕ್ಕಳಲ್ಲಿ ಆರು ಮಂದಿಗೆ ಆ ರಕ್ಷಣೆ ಇರಲಿಲ್ಲ. ಅಷ್ಟು ದಿನ ಮಕ್ಕಳನ್ನು ಮನೆಯೊಳಗಿಟ್ಟು ಕಾಪಾಡಿದ್ದೆವು ಎಂಬುದಕ್ಕೆ ಈ ಅಂಕಿ ಸಾಕ್ಷಿ. ಮುಂದೆ ಎಚ್ಚರ ಬೇಕೆಂಬುದಕ್ಕೂ ಅದೇ ಸಾಕ್ಷಿ.

ಎರಡನೆಯದು, ಮಕ್ಕಳಿಗೆ ಇನ್ನೂ ಲಸಿಕೆ ಬಂದಿರಲಿಲ್ಲ. ಹನ್ನೆರಡು ವರ್ಷ ಮೇಲ್ಪಟ್ಟವರಿಗಾಗಿ ಜೈಕೋವ್-ಡಿ ಲಸಿಕೆಗೆ 2021ರ ಆಗಸ್ಟಿನಲ್ಲಿ ತುರ್ತು ಅನುಮತಿ ದೊರೆತಿತ್ತು. ಎರಡರಿಂದ ಹದಿನೆಂಟು ವರ್ಷದವರಿಗೆ ಕೋವ್ಯಾಕ್ಸಿನ್ ಕೊಡಬಹುದೆಂದು ತಜ್ಞರ ಸಮಿತಿ 2021ರ ಅಕ್ಟೋಬರಿನಲ್ಲಿ ಶಿಫಾರಸು ಮಾಡಿತು. ಆದರೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಗುವಿಗೆ ಲಸಿಕೆ ಸಿಗುವ ದಿನ ಆಗ ಇನ್ನೂ ಬಂದಿರಲಿಲ್ಲ.

ಮೂರನೆಯ ಕಾರಣ ನಮ್ಮ ಜಿಲ್ಲೆಗೇ ವಿಶಿಷ್ಟವಾದುದು. ಮಂಜೇಶ್ವರ, ಕುಂಬಳೆ, ಬದಿಯಡ್ಕದವರಿಗೆ ದೊಡ್ಡ ಕಾಯಿಲೆ ಬಂದರೆ ಮಂಗಳೂರೇ ಗತಿ. 2020ರ ಮಾರ್ಚಿನಲ್ಲಿ ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ತಲಪಾಡಿಯಲ್ಲಿ ಆಂಬುಲೆನ್ಸುಗಳೂ ಹಿಂದಿರುಗಬೇಕಾಯಿತು. ಚಿಕಿತ್ಸೆ ಸಿಗದೆ ರೋಗಿಗಳು ಪ್ರಾಣ ಕಳೆದುಕೊಂಡರು. ವಿಷಯವು ಕೇರಳ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. 2021ರ ಆಗಸ್ಟಿನಲ್ಲಿ ಆರ್‌ಟಿಪಿಸಿಆರ್ ಪ್ರಮಾಣಪತ್ರದ ನಿಬಂಧನೆ ಬಿಗಿಯಾದಾಗ, ಮಂಗಳೂರಿನ ಕಾಲೇಜುಗಳಿಗೆ ದಿನವೂ ಹೋಗಿಬರುವ ನಮ್ಮ ವಿದ್ಯಾರ್ಥಿಗಳು ಮತ್ತೆ ಗಡಿಯಲ್ಲಿ ನಿಲ್ಲಬೇಕಾಯಿತು. ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡದಲ್ಲಿ 2020ರ ಏಪ್ರಿಲಿನಲ್ಲಿ ಕೋವಿಡ್ ಆಸ್ಪತ್ರೆ ತೆರೆಯಿತು. ಚಟ್ಟಂಚಾಲಿನಲ್ಲಿ ಟಾಟಾ ಆಸ್ಪತ್ರೆ ಬಂತು. ಆದರೆ ಪೂರ್ಣಪ್ರಮಾಣದ ವೈದ್ಯಕೀಯ ಕಾಲೇಜು ಆಸ್ಪತ್ರೆ 2021ರಲ್ಲೂ ಪೂರ್ತಿಯಾಗಿರಲಿಲ್ಲ. ಮಗುವಿಗೇನಾದರೂ ಆದರೆ ಎಲ್ಲಿಗೆ ಕೊಂಡೊಯ್ಯಲಿ ಎಂದು ಇಲ್ಲಿನ ತಾಯಿ ಕೇಳಿದಾಗ ಅವಳ ಕಣ್ಣಮುಂದಿದ್ದುದು ಈ ಇತಿಹಾಸ.

ವೈದ್ಯಶಾಸ್ತ್ರ ಏನು ಹೇಳುತ್ತದೆ

ಈ ಭಯದ ಜೊತೆಗೆ ಇಟ್ಟುಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ಕೋವಿಡ್ ಮಕ್ಕಳಿಗೆ ಬರುವುದಿಲ್ಲವೆಂಬುದು ತಪ್ಪು. ಬಂದರೂ ಬಹುಪಾಲು ಮಕ್ಕಳಲ್ಲಿ ಅದು ಸೌಮ್ಯವಾಗಿರುತ್ತದೆ ಎಂಬುದು ಸರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2021ರ ಜೂನ್ ಮತ್ತು ಜುಲೈ ತಿಂಗಳಲ್ಲಿ ದೇಶದಾದ್ಯಂತ ನಡೆಸಿದ ನಾಲ್ಕನೆಯ ಸಮೀಕ್ಷೆಯಲ್ಲಿ, ಆರರಿಂದ ಒಂಬತ್ತು ವರ್ಷದ ಮಕ್ಕಳ ಪೈಕಿ ಶೇ. 57.2ರಲ್ಲೂ ಹತ್ತರಿಂದ ಹದಿನೇಳು ವರ್ಷದವರ ಪೈಕಿ ಶೇ. 61.6ರಲ್ಲೂ ಪ್ರತಿಕಾಯಗಳಿದ್ದವು. ಆಗ ಮಕ್ಕಳಿಗೆ ಲಸಿಕೆ ಇರಲಿಲ್ಲವಾದ್ದರಿಂದ ಇದು ಸೋಂಕಿನಿಂದಲೇ ಬಂದುದು. ಶಾಲೆಗಳು ಮುಚ್ಚಿದ್ದಾಗಲೂ ದೇಶದ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸೋಂಕು ತಗಲಿತ್ತು, ಅವರಲ್ಲಿ ಹೆಚ್ಚಿನವರಿಗೆ ಅದು ತಿಳಿಯಲೂ ಇಲ್ಲ. ಇದನ್ನು ಆಧರಿಸಿಯೇ ಮಂಡಳಿಯ ಆಗಿನ ಮಹಾನಿರ್ದೇಶಕ ಡಾ. ಬಲರಾಮ್ ಭಾರ್ಗವ ಅವರು ಅದೇ ಜುಲೈ ತಿಂಗಳಲ್ಲಿ, ಅಧ್ಯಾಪಕರೂ ಸಿಬ್ಬಂದಿಯೂ ಲಸಿಕೆ ಪಡೆದಿದ್ದರೆ ಪ್ರಾಥಮಿಕ ಶಾಲೆಗಳನ್ನು ಮೊದಲು ತೆರೆಯುವುದು ಸೂಕ್ತವೆಂದು ಅಭಿಪ್ರಾಯಪಟ್ಟಿದ್ದರು. ಕರ್ನಾಟಕದಲ್ಲಿ 2021ರ ಆಗಸ್ಟ್ 23ರಿಂದ ಹಂತಹಂತವಾಗಿ ದೊಡ್ಡ ತರಗತಿಗಳು ತೆರೆದವು. ಅದೇ ವರ್ಷದ ಅಕ್ಟೋಬರ್ 25ರಿಂದ ಅಲ್ಲಿ ಒಂದರಿಂದ ಐದರವರೆಗಿನ ಮಕ್ಕಳೂ ಶಾಲೆಗೆ ಬರತೊಡಗಿದರು. ನಮ್ಮಲ್ಲೂ ಸುಪ್ರೀಂ ಕೋರ್ಟಿನ ಅನುಮತಿಯ ಬಳಿಕ 2021ರ ಸೆಪ್ಟೆಂಬರ್ 24ರಿಂದ ಪ್ಲಸ್ ವನ್ ಪರೀಕ್ಷೆ ಶಾಲೆಗಳಲ್ಲೇ ನಡೆಯಿತು.

ಹಾಗೆಂದು ಸೌಮ್ಯ ಎಂಬ ಮಾತಿಗೆ ಮೈಮರೆಯಬಾರದು. ಅಪರೂಪಕ್ಕೆ ಕೆಲವು ಮಕ್ಕಳಲ್ಲಿ, ಸೋಂಕು ಬಂದುಹೋದ ಎರಡರಿಂದ ಆರು ವಾರಗಳ ನಂತರ, ದೇಹದ ಹಲವು ಅಂಗಗಳಲ್ಲಿ ಉರಿಯೂತ ಕಾಣಿಸಿಕೊಳ್ಳುತ್ತದೆ. ದಿನಗಟ್ಟಲೆ ಬಿಡದ ಜ್ವರ, ಹೊಟ್ಟೆನೋವು, ವಾಂತಿ, ಮೈಮೇಲೆ ದದ್ದು, ಕಣ್ಣು ಕೆಂಪಾಗುವುದು, ಅತಿಯಾದ ಆಯಾಸ ಇವು ಅದರ ಲಕ್ಷಣಗಳು. ಬೇಗ ಗುರುತಿಸಿದರೆ ಚಿಕಿತ್ಸೆಯಿದೆ. ಆದ್ದರಿಂದ ಮನೆಯಲ್ಲಿ ಕೋವಿಡ್ ಬಂದುಹೋಗಿದ್ದರೆ ಆ ವಿಷಯವನ್ನು ವೈದ್ಯರಿಂದಲೂ ಶಾಲೆಯಿಂದಲೂ ಮುಚ್ಚಿಡಬಾರದು.

ಸೋಂಕು ಹರಡುವುದು ಮುಖ್ಯವಾಗಿ ಗಾಳಿಯಿಂದ ಎಂಬುದು ಈಗ ಸ್ಪಷ್ಟವಾಗಿದೆ. ಬೆಂಚನ್ನು ದಿನಕ್ಕೆ ನಾಲ್ಕು ಸಲ ಒರೆಸುವುದಕ್ಕಿಂತ ನಾಲ್ಕು ಕಿಟಕಿ ತೆರೆದಿಡುವುದು ಹೆಚ್ಚು ಉಪಕಾರಿ. ಈ ವಿಷಯದಲ್ಲಿ ನಮ್ಮ ಹಳೆಯ ಶಾಲೆಗಳು ಅದೃಷ್ಟವಂತ ಶಾಲೆಗಳು. ಎತ್ತರದ ಹಂಚಿನ ಮಾಡು, ಉದ್ದನೆಯ ಜಗಲಿ, ಅಗಲವಾದ ಕಿಟಕಿಗಳು, ಸುತ್ತ ಮರಗಳು. ಯಾವುದನ್ನು ಹಳೆಯದೆಂದು ಕೆಲವರು ಕೀಳಾಗಿ ಕಂಡರೋ ಅದೇ ಅಂದು ಮಕ್ಕಳ ಉಸಿರಿಗೆ ಕಾವಲಾಯಿತು. ಒಂದು ತರಗತಿಯಲ್ಲಿ ಹತ್ತು ಹನ್ನೆರಡು ಮಕ್ಕಳಿರುವ ಸಣ್ಣ ಕನ್ನಡ ಶಾಲೆಯಲ್ಲಿ ಅಂತರ ಕಾಯ್ದುಕೊಳ್ಳುವುದೂ ಸುಲಭ. ಅಪಾಯ ಇರುವುದು ತರಗತಿಗಿಂತ ಹೆಚ್ಚಾಗಿ ದಾರಿಯಲ್ಲಿ. ಮಳೆಗೆ ಪರದೆ ಇಳಿಸಿದ ಆಟೋರಿಕ್ಷಾದಲ್ಲಿ ಎಂಟು ಮಕ್ಕಳನ್ನು ತುಂಬಿಸಿದರೆ, ಶಾಲೆಯೊಳಗಿನ ಎಲ್ಲ ಎಚ್ಚರಿಕೆಯೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಎಲ್ಲರಿಗೂ ಒಂದೇ ಉತ್ತರವಿಲ್ಲ

ಕಳುಹಿಸಬೇಕೇ ಬೇಡವೇ ಎಂಬ ಪ್ರಶ್ನೆಗೆ ಊರಿಗೆಲ್ಲ ಒಂದೇ ಉತ್ತರ ಹೇಳಲಾಗದು. ಉತ್ತರವು ಮಗುವನ್ನೂ ಮನೆಯನ್ನೂ ಅವಲಂಬಿಸಿದೆ.

ಮಗು ಆರೋಗ್ಯವಾಗಿದ್ದು ಮನೆಯ ದೊಡ್ಡವರೆಲ್ಲ ಲಸಿಕೆ ಪಡೆದಿದ್ದರೆ, ಶಾಲೆಯ ವ್ಯವಸ್ಥೆ ತೃಪ್ತಿಕರವಾಗಿದ್ದರೆ, ಕಳುಹಿಸುವುದೇ ಲೇಸು. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳ ವಿಷಯದಲ್ಲಿ ಈ ಮಾತನ್ನು ಇನ್ನಷ್ಟು ಒತ್ತಿ ಹೇಳಬೇಕು. ದೊಡ್ಡ ಮಕ್ಕಳ ಬಗೆಗೇ ಹೆಚ್ಚು ಚಿಂತಿಸುವುದು ನಮ್ಮ ರೂಢಿ, ಏಕೆಂದರೆ ಅವರಿಗೆ ಪರೀಕ್ಷೆ ಇದೆ. ಆದರೆ ಹತ್ತನೆಯ ತರಗತಿಯವನು ಪುಸ್ತಕ ಹಿಡಿದು ತಾನೇ ಒಂದಷ್ಟು ಓದಬಲ್ಲ. ಅಕ್ಷರವನ್ನೇ ಕಾಣದ ಮಗು ಮೊಬೈಲಿನಿಂದ ಓದು ಕಲಿಯುವುದು ಬಹಳ ಕಷ್ಟ. ಪೆನ್ಸಿಲು ಹಿಡಿಯುವ ಬೆರಳನ್ನು ತಿದ್ದಲು ಪಕ್ಕದಲ್ಲಿ ಒಬ್ಬ ಟೀಚರ್ ಬೇಕು.

ಮನೆಯಲ್ಲಿ ವೃದ್ಧರಾದ ಅಜ್ಜ ಅಜ್ಜಿ ಇದ್ದು ಅವರಿಗೆ ಮಧುಮೇಹ, ಹೃದಯದ ಕಾಯಿಲೆ ಇದ್ದರೆ, ಮೊದಲು ಕೇಳಬೇಕಾದ ಪ್ರಶ್ನೆ ಅವರ ಎರಡನೆಯ ಡೋಸ್ ಆಗಿದೆಯೇ ಎಂದು. 2021ರ ಅಕ್ಟೋಬರಿನಲ್ಲಿ ರಾಜ್ಯದಲ್ಲಿ ಮೊದಲ ಡೋಸ್ ಪಡೆದ ವಯಸ್ಕರು ಶೇ. 90ನ್ನು ದಾಟಿದ್ದರು. ಎರಡೂ ಡೋಸ್ ಪೂರೈಸಿದವರು ಅದಕ್ಕಿಂತ ಬಹಳ ಕಡಿಮೆಯಿದ್ದರು. ಆಗಿಲ್ಲವಾದರೆ ಆಶಾ ಕಾರ್ಯಕರ್ತೆಯನ್ನು ಕಂಡು ಆ ವಾರವೇ ಅದನ್ನು ಮಾಡಿಸಬೇಕಿತ್ತು. ಮಗುವನ್ನು ಮನೆಯಲ್ಲಿ ಉಳಿಸಿಕೊಂಡು ಅಜ್ಜನಿಗೆ ಲಸಿಕೆ ಹಾಕಿಸದಿರುವುದು ಹಿಂಬಾಗಿಲು ತೆರೆದಿಟ್ಟು ಮುಂಬಾಗಿಲಿಗೆ ಬೀಗ ಹಾಕಿದಂತೆ. ಪೇಟೆಗೆ, ಮದುವೆಗೆ, ಕೆಲಸಕ್ಕೆ ಹೋಗಿಬರುವ ದೊಡ್ಡವರೂ ಸೋಂಕನ್ನು ತರಬಲ್ಲರು.

ಹೃದ್ರೋಗ, ಶ್ವಾಸಕೋಶದ ತೊಂದರೆ, ಅಪಸ್ಮಾರ ಮುಂತಾದ ಕಾಯಿಲೆಗಳಿರುವ ಮಕ್ಕಳ ವಿಷಯ ಬೇರೆ. ಎಂಡೋಸಲ್ಫಾನಿನ ದುರಂತವನ್ನು ಕಂಡ ಎಣ್ಮಕಜೆಯಂಥ ಪಂಚಾಯತುಗಳಲ್ಲಿ ಇಂಥ ಮಕ್ಕಳು ಹಲವರಿದ್ದಾರೆ. ಇವರ ಹೆತ್ತವರು ನೆರೆಯವರನ್ನು ನೋಡಿ ತೀರ್ಮಾನಿಸದೆ, ಮಗುವನ್ನು ನೋಡುತ್ತಿರುವ ವೈದ್ಯರನ್ನು ಕೇಳಿ ತೀರ್ಮಾನಿಸಬೇಕು. ಅವರಿಗೆ ಈಗ ಬೇಡವೆಂದು ವೈದ್ಯರು ಹೇಳಿದರೆ, ಪಾಠವನ್ನು ಮನೆಬಾಗಿಲಿಗೆ ತಲುಪಿಸುವ ಹೊಣೆ ಶಾಲೆಯದು.

ದುಡಿಮೆಯ ಮನೆಗಳ ಲೆಕ್ಕವೂ ಇದೆ. ಬೀಡಿ ಕಟ್ಟುವ, ತೋಟದ ಕೆಲಸಕ್ಕೆ ಹೋಗುವ ತಾಯಿ ಮಗುವನ್ನು ಮನೆಯಲ್ಲಿ ಒಂಟಿಯಾಗಿ ಬಿಡಬೇಕಾಗುತ್ತದೆ, ಇಲ್ಲವೇ ಆ ದಿನದ ಕೂಲಿ ಬಿಡಬೇಕಾಗುತ್ತದೆ. ಅಂಥ ಮಗುವಿಗೆ ಶಾಲೆಯೆಂದರೆ ಪಾಠವೂ ಹೌದು, ಸುರಕ್ಷಿತವಾದ ನೆರಳೂ ಹೌದು, ಮಧ್ಯಾಹ್ನದ ಬಿಸಿಯೂಟವೂ ಹೌದು. ಶಾಲೆ ಮುಚ್ಚಿದ್ದಾಗ ಬಂದ ಆಹಾರದ ಕಿಟ್ ಮನೆಗೆ ಸಹಾಯ ಮಾಡಿತು. ಆದರೆ ಗೆಳೆಯರೊಂದಿಗೆ ಸಾಲಾಗಿ ಕುಳಿತು ಉಣ್ಣುವ ಊಟ ಕಿಟ್ಟಿನಲ್ಲಿ ಬರುವುದಿಲ್ಲ.

ಸಹಿಗೆ ಮುನ್ನ ಕೇಳಬೇಕಾದುವು

ಒಪ್ಪಿಗೆ ಪತ್ರವೆಂದರೆ ಹೊಣೆಯೆಲ್ಲ ಹೆತ್ತವರದೆಂದು ಬರೆದುಕೊಟ್ಟಂತಾಗಿರಲಿಲ್ಲ. ಒಪ್ಪಿಗೆ ಕೊಡುವವರಿಗೆ ಕೇಳುವ ಹಕ್ಕೂ ಇತ್ತು. ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಮುಖ್ಯೋಪಾಧ್ಯಾಯರನ್ನು ವಿನಯದಿಂದಲೇ, ಆದರೆ ಸ್ಪಷ್ಟವಾಗಿ ಕೇಳಬೇಕಾಗಿದ್ದ ಕೆಲವು ಪ್ರಶ್ನೆಗಳಿವು.

ಅಧ್ಯಾಪಕರು, ಅಡುಗೆಯವರು, ಬಸ್ಸಿನ ಚಾಲಕರು ಎಲ್ಲರ ಎರಡು ಡೋಸ್ ಲಸಿಕೆ ಆಗಿದೆಯೇ? ತರಗತಿಯ ಮಕ್ಕಳನ್ನು ಎಷ್ಟು ತಂಡಗಳಾಗಿ ವಿಂಗಡಿಸಲಾಗಿದೆ, ನನ್ನ ಮಗುವಿನ ದಿನಗಳು ಯಾವುವು? ಒಂದೇ ಮನೆಯ ಇಬ್ಬರು ಮಕ್ಕಳಿಗೆ ಒಂದೇ ದಿನ ಕೊಡಬಹುದೇ? ಊಟವನ್ನು ಎಲ್ಲಿ, ಎಷ್ಟು ಸರದಿಯಲ್ಲಿ ಬಡಿಸುತ್ತಾರೆ? ಮುಖಗವಸು ತೆಗೆಯುವ ಹೊತ್ತು ಅದೇ ಆದುದರಿಂದ ಈ ಪ್ರಶ್ನೆ ಮುಖ್ಯ. ಶಾಲೆಯಲ್ಲಿ ಮಗುವಿಗೆ ಜ್ವರ ಬಂದರೆ ಪ್ರತ್ಯೇಕ ಕೋಣೆ ಇದೆಯೇ, ಯಾರಿಗೆ ಫೋನ್ ಮಾಡುತ್ತಾರೆ, ಯಾವ ಆಸ್ಪತ್ರೆಗೆ ಕರೆದೊಯ್ಯುತ್ತಾರೆ? ತರಗತಿಯಲ್ಲಿ ಯಾರಿಗಾದರೂ ಸೋಂಕು ಬಂದರೆ ಉಳಿದ ಹೆತ್ತವರಿಗೆ ಅದೇ ದಿನ ತಿಳಿಸುತ್ತಾರೆಯೇ? ಇಪ್ಪತ್ತು ತಿಂಗಳು ಬೀಗ ಹಾಕಿದ್ದ ಕಟ್ಟಡದ ಮಾಡು, ಬಾವಿಯ ನೀರು, ಶೌಚಾಲಯ, ನಿಂತಲ್ಲೇ ನಿಂತಿದ್ದ ಬಸ್ಸು ಇವುಗಳನ್ನು ಪರಿಶೀಲಿಸಿ ಆಗಿದೆಯೇ? ಕಾಡು ಬೆಳೆದ ಅಂಗಳದಲ್ಲಿ ಹಾವಿನ ಭಯವೂ ಇರುತ್ತದೆ. ಅಂಗಳ ಸವರುವ ಕೆಲಸಕ್ಕೆ ಹೆತ್ತವರೂ ಕತ್ತಿ ಹಿಡಿದು ಬಂದರೆ ಶಾಲೆಯ ಮೇಲಿನ ನಂಬಿಕೆ ತಾನಾಗಿಯೇ ಹೆಚ್ಚುತ್ತದೆ.

ಕನ್ನಡ ಮಾಧ್ಯಮದವರು ಇನ್ನೊಂದು ಪ್ರಶ್ನೆಯನ್ನೂ ಸೇರಿಸಬೇಕು. ಮಗುವಿನ ತರಗತಿಗೆ ಕನ್ನಡ ಬಲ್ಲ ಅಧ್ಯಾಪಕರು ಇದ್ದಾರೆಯೇ? ಕನ್ನಡ ಅರಿಯದವರನ್ನು ಕನ್ನಡ ಮಾಧ್ಯಮದ ಹುದ್ದೆಗೆ ನೇಮಿಸುವ ಸಮಸ್ಯೆ ಗಡಿನಾಡಿನಲ್ಲಿ ಹಳೆಯದು, ಅದರ ವಿರುದ್ಧ ಮಕ್ಕಳೂ ಹೆತ್ತವರೂ ಬೀದಿಗಿಳಿದುದೂ ಇದೆ. ಭಾಷೆಯ ಅಭ್ಯಾಸವೇ ತಪ್ಪಿಹೋದ ಮಕ್ಕಳ ಮುಂದೆ ಆ ವರ್ಷ ಕನ್ನಡ ಬಾರದ ಅಧ್ಯಾಪಕರು ನಿಂತಿದ್ದರೆ ಶಾಲೆ ತೆರೆದೂ ತೆರೆಯದಂತಾಗುತ್ತಿತ್ತು.

ಹೆತ್ತವರ ಪಾಲಿನ ಕೆಲಸವೂ ಉಂಟು. ಜ್ವರ, ಕೆಮ್ಮು ಇರುವ ಮಗುವನ್ನು ಪ್ಯಾರಾಸಿಟಮಾಲ್ ಕೊಟ್ಟು ಕಳುಹಿಸಬಾರದು. ಮನೆಯಲ್ಲಿ ಯಾರಿಗಾದರೂ ಸೋಂಕಿದ್ದರೆ ಮಗು ಮನೆಯಲ್ಲೇ ಇರಬೇಕು. ಮೂಗಿನ ಕೆಳಗೆ ಜಾರದ, ಮಗುವಿನ ಮುಖಕ್ಕೆ ಹೊಂದುವ ಎರಡು ಮುಖಗವಸು, ಕುಡಿಯುವ ನೀರಿನ ಬಾಟಲಿ ಚೀಲದಲ್ಲಿರಲಿ. ಹತ್ತಿರದವರು ನಡೆದೇ ಹೋಗಲಿ. ಮಧ್ಯಾಹ್ನದವರೆಗೆ ಮಾತ್ರ ತರಗತಿ ಇದ್ದುದರಿಂದ ಸಂಜೆಯ ಗುಡುಗು ಮಳೆಗೆ ಸಿಕ್ಕಿಬೀಳುವ ಚಿಂತೆ ಇರಲಿಲ್ಲ. ಮೊದಲ ಎರಡು ವಾರ ಪಾಠ ಎಲ್ಲಿಗೆ ಬಂತೆಂದು ಕೇಳದೆ, ಶಾಲೆಯಲ್ಲಿ ಇಂದು ಯಾರೊಡನೆ ಮಾತಾಡಿದೆ ಎಂದು ಕೇಳಿದರೆ ಸಾಕು.

ಕಳುಹಿಸದಿದ್ದರೆ

ಆ ಸೋಮವಾರ ಎಲ್ಲ ಮಕ್ಕಳೂ ಬರುವ ಸ್ಥಿತಿ ಇರಲಿಲ್ಲ. ಬಾರದ ಮಕ್ಕಳ ಹೆತ್ತವರನ್ನು ಅಧ್ಯಾಪಕರಾಗಲಿ ನೆರೆಯವರಾಗಲಿ ಹೀಯಾಳಿಸಬಾರದು. ಎರಡನೆಯ ಅಲೆಯಲ್ಲಿ ಮನೆಯವರನ್ನು ಕಳೆದುಕೊಂಡ ಕುಟುಂಬದ ಹಿಂಜರಿಕೆ ತರ್ಕದಿಂದ ಕರಗುವಂಥದಾಗಿರಲಿಲ್ಲ. ಅವರಿಗೆ ಸಮಯ ಬೇಕಿತ್ತು.

ಆದರೆ ಕಳುಹಿಸದಿರುವ ತೀರ್ಮಾನಕ್ಕೂ ಒಂದು ಕ್ರಮ ಬೇಕು. ವಾರಕ್ಕೊಮ್ಮೆಯಾದರೂ ಅಧ್ಯಾಪಕರೊಡನೆ ಮಾತಾಡಬೇಕು. ಶಾಲೆಗೆ ಹೋದ ಮಗುವಿನ ನೋಟ್ ಪುಸ್ತಕ ತಂದು ಕೊಡುವಂತೆ ನೆರೆಮನೆಯವರನ್ನು ಕೇಳಿಕೊಳ್ಳಬಹುದು. ದಿನಕ್ಕೆ ಅರ್ಧ ಗಂಟೆ ಕನ್ನಡವನ್ನು ಗಟ್ಟಿಯಾಗಿ ಓದಿಸಬೇಕು. ಪಠ್ಯಪುಸ್ತಕವೇ ಆಗಬೇಕೆಂದಿಲ್ಲ, ಮಕ್ಕಳ ಕತೆಯಾದರೂ ಸರಿ, ಈ ಪತ್ರಿಕೆಯಾದರೂ ಸರಿ. ಹದಿನೈದು ದಿನಗಳ ನಂತರ ಶಾಲೆಯ ಅನುಭವ ನೋಡಿಕೊಂಡು ತೀರ್ಮಾನವನ್ನು ಮತ್ತೆ ಪರಿಶೀಲಿಸಬೇಕು. ಈಗ ಬೇಡ ಎಂಬುದು ಮುಂದೆಂದೂ ಬೇಡ ಎಂದಾಗಬಾರದು.

ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳುವುದು ಒಳ್ಳೆಯದು. ಹೇಗಿದ್ದರೂ ಎರಡು ವರ್ಷ ಹೋಯಿತು, ಇನ್ನು ಬೇರೆ ಮಾಧ್ಯಮಕ್ಕೆ ಸೇರಿಸಿದರಾಯಿತು ಎಂಬ ಯೋಚನೆ ಕೆಲವು ಮನೆಗಳಲ್ಲಿ ಮೂಡಿತ್ತು. ಕನ್ನಡದಲ್ಲೇ ಓದು ಗಟ್ಟಿಯಾಗದ ಮಗುವನ್ನು ಇನ್ನೊಂದು ಲಿಪಿಗೆ, ಇನ್ನೊಂದು ಭಾಷೆಗೆ ದಾಟಿಸಿದರೆ ಹಳೆಯ ನಷ್ಟ ತುಂಬುವುದಿಲ್ಲ, ಅದರ ಮೇಲೆ ಹೊಸದೊಂದು ಸೇರುತ್ತದೆ. ಶಾಲೆಯ ದೃಷ್ಟಿಯಿಂದಲೂ ಇದು ಸಣ್ಣ ವಿಷಯವಲ್ಲ. ಮಕ್ಕಳ ಲೆಕ್ಕದ ಮೇಲೆ ಅಧ್ಯಾಪಕರ ಹುದ್ದೆ ನಿಂತಿದೆ. ನಾಲ್ಕು ಮಕ್ಕಳು ಕಡಿಮೆಯಾದರೆ ಒಂದು ಡಿವಿಜನ್ ಹೋಗುತ್ತದೆ. ಹೀಗೆ ಒಂದೊಂದೇ ಡಿವಿಜನ್ ಕಳೆದುಕೊಂಡ ಕನ್ನಡ ಶಾಲೆ ಕೊನೆಗೆ ಕಟ್ಟಡವಾಗಿ ಮಾತ್ರ ಉಳಿಯುತ್ತದೆ. ಮಗುವಿನ ಆರೋಗ್ಯವನ್ನು ಪಣಕ್ಕಿಟ್ಟು ಶಾಲೆ ಉಳಿಸಿ ಎಂದು ಯಾರೂ ಹೇಳಲಾರರು. ಆದರೆ ಆರೋಗ್ಯದ ಹೆಸರಿನಲ್ಲಿ ತೆಗೆದುಕೊಂಡ ತಾತ್ಕಾಲಿಕ ತೀರ್ಮಾನವು ಶಾಲೆಯ ಶಾಶ್ವತ ನಷ್ಟವಾಗದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕೈಯಲ್ಲಿದೆ.

ಜ್ಯಾಂ ದ್ರೇಜ್, ರೀತಿಕಾ ಖೇರಾ ಮೊದಲಾದವರು 2021ರ ಆಗಸ್ಟಿನಲ್ಲಿ ಹದಿನೈದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡ ಕುಟುಂಬಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಕೇರಳ ಇರಲಿಲ್ಲ. ಆ ಸಮೀಕ್ಷೆಯ ಪ್ರಕಾರ ಹಳ್ಳಿಯ ಮಕ್ಕಳಲ್ಲಿ ಆನ್‌ಲೈನಿನಲ್ಲಿ ಕ್ರಮವಾಗಿ ಓದುತ್ತಿದ್ದವರು ಶೇ. 8 ಮಾತ್ರ. ಶಾಲೆ ಬೇಗ ತೆರೆಯಲಿ ಎಂದ ಹಳ್ಳಿಯ ಹೆತ್ತವರು ಶೇ. 97. ನಮ್ಮ ಜಿಲ್ಲೆಯ ಅಂಕಿ ಇದಕ್ಕಿಂತ ಬೇರೆಯಿರಬಹುದು. ಆದರೂ ಮಗು ಓದಬೇಕೆಂಬ ಬಯಕೆ ಮತ್ತು ಮಗು ಸುಖವಾಗಿರಬೇಕೆಂಬ ಬಯಕೆ ಎರಡೂ ಒಂದೇ ಎದೆಯಲ್ಲಿರುವುದು ಎಲ್ಲ ಕಡೆಯೂ ಸಮಾನ. ಅವೆರಡರ ನಡುವೆ ಆರಿಸಿಕೊಳ್ಳುವ ಕಷ್ಟವನ್ನು ಹೆತ್ತವರ ಮೇಲೆ ಮಾತ್ರ ಹೊರಿಸದೆ, ಶಾಲೆ, ಪಂಚಾಯತು, ಆರೋಗ್ಯ ಕೇಂದ್ರ ಮತ್ತು ನೆರೆಹೊರೆ ಹಂಚಿಕೊಳ್ಳಬೇಕಿತ್ತು. ಸಭೆಗೆ ಹೋಗಿ, ಕೇಳಬೇಕಾದುದನ್ನು ಕೇಳಿ, ಮನೆಯ ಹಿರಿಯರ ಲಸಿಕೆಯನ್ನು ಮುಗಿಸಿ, ಮಗುವಿನೊಡನೆಯೂ ಒಮ್ಮೆ ಮಾತಾಡಿ ಸಹಿ ಹಾಕಬೇಕಿತ್ತು. ಆ ಸಹಿಯನ್ನು ಹದಿನೈದು ದಿನಗಳ ಬಳಿಕ ಮತ್ತೊಮ್ಮೆ ಯೋಚಿಸಲು ಅವಕಾಶವಿತ್ತು. ದೀಪಾವಳಿಯ ವಾರದಲ್ಲಿ ಶಾಲೆಯ ಗಂಟೆ ಬಾರಿಸಿತು. ಅದನ್ನು ಕೇಳಿಸಿಕೊಂಡ ಮಕ್ಕಳಲ್ಲಿ ಬಹಳ ಮಂದಿಗೆ ಅದು ಅವರ ಜೀವನದ ಮೊದಲ ಗಂಟೆಯಾಗಿತ್ತು.